ತಂಬುಳಿ ಪ್ರಸಂಗ

ಗಂಡಸರು ಅಡಿಗೆಯ ವಿಷಯವಾಗಿ ಮಾತನಾಡುವುದು ಸಾಮಾನ್ಯವಾಗಿ ಎರಡು ಸಂದರ್ಭಗಳಲ್ಲಿ. ಒಂದು, ಊಟ ಬಹಳ ಚೆನ್ನಾಗಿದ್ದಾಗ. ಇನ್ನೊಂದು, ಬಡಿಸುವವರು ಊರಿನಲ್ಲಿಲ್ಲದಾಗ. ನಾನು ಈಗ ಬರೆಯಹೊರಟಿರುವುದು ಇವೆರಡಕ್ಕೂ ಸೇರದ ಮೂರನೆಯ ಸಂದರ್ಭವನ್ನು ಕುರಿತು. ನನ್ನ ಎಪ್ಪತ್ತೆರಡನೆಯ ವಯಸ್ಸಿನಲ್ಲಿ ನಾನು ಒಂದು ಅಡಿಗೆ ಕಲಿತೆ. ಒಂದೇ ಒಂದು. ಅದರ ಹೆಸರು ತಂಬುಳಿ. ಕಲಿತೆನೆಂಬ ಹೆಮ್ಮೆ ನನಗೆ ಇಲ್ಲದಿಲ್ಲ. ಆದರೆ ಕಲಿತ ಬಗೆಯನ್ನು ನೆನೆದಾಗ ಹೆಮ್ಮೆಗಿಂತ ಸಂಕೋಚವೇ ಹೆಚ್ಚಾಗುತ್ತದೆ.

ಶಿವಮೊಗ್ಗ, ಉತ್ತರ ಕನ್ನಡ, ದಕ್ಷಿಣ ಕನ್ನಡದ ಓದುಗರು ಈ ಒಂದು ಪ್ಯಾರಾವನ್ನು ಬಿಟ್ಟು ಮುಂದೆ ಹೋಗಬಹುದು. ಉಳಿದವರಿಗಾಗಿ ಹೇಳುತ್ತೇನೆ. ಸೊಪ್ಪನ್ನೋ ಚಿಗುರನ್ನೋ ತುಪ್ಪದಲ್ಲಿ ಬಾಡಿಸಿ, ಜೀರಿಗೆ, ಮೆಣಸಿನಕಾಳು, ತೆಂಗಿನ ತುರಿ ಸೇರಿಸಿ ನುಣ್ಣಗೆ ಅರೆದು, ಮಜ್ಜಿಗೆಯಲ್ಲಿ ಕದಡಿ, ಉಪ್ಪು ಹಾಕಿ, ಮೇಲೆ ಒಂದು ಸಣ್ಣ ಒಗ್ಗರಣೆ ಕೊಟ್ಟರೆ ತಂಬುಳಿ. ಇದನ್ನು ಕುದಿಸುವುದಿಲ್ಲ. ಕುದಿಸಿದರೆ ಅದು ಮಜ್ಜಿಗೆಹುಳಿಯ ಬಳಗಕ್ಕೆ ಸೇರಿಹೋಗುತ್ತದೆ. ಅನ್ನಕ್ಕೆ ಕಲಸಿಕೊಂಡು ಉಣ್ಣಬಹುದು, ಲೋಟಕ್ಕೆ ಬಗ್ಗಿಸಿಕೊಂಡು ಕುಡಿಯಲೂಬಹುದು. ಕಣ್ಣಿನ ಪನಿ ಕಂಬನಿಯಾದ ಹಾಗೆ ತಣ್ಣನೆಯ ಪುಳಿ ತಂಬುಳಿಯಾಯಿತು. ನಮ್ಮ ಹೈಸ್ಕೂಲಿನ ಕನ್ನಡ ಪಂಡಿತರು ಸಂಧಿಗೆ ಕಂಬನಿಯ ಉದಾಹರಣೆಯನ್ನು ಕೊಟ್ಟರೇ ಹೊರತು ತಂಬುಳಿಯದನ್ನು ಕೊಡಲಿಲ್ಲ. ಅವರೂ ನಮ್ಮ ಸೀಮೆಯವರೇ. ಪಾಪ, ಅವರ ಎಲೆಗೂ ಅದು ಬಿದ್ದಿರಲಿಕ್ಕಿಲ್ಲ.

ನಮ್ಮ ಸೀಮೆಯೆಂದರೆ ಮಂಡ್ಯದ ಕಡೆ. ಅಲ್ಲಿ ಊಟವೆಂದರೆ ಬಿಸಿ. ತಟ್ಟೆಯಿಂದ ಹಬೆ ಏಳದಿದ್ದರೆ ಅದಕ್ಕೆ ನಾವು ಇಟ್ಟ ಹೆಸರು ತಂಗಳು. ಒಳಗೆ ಸಾರು ಕುದಿಯುವ ಸದ್ದು ಕಿವಿಗೆ ಬಿದ್ದ ಮೇಲೆಯೇ ನಮ್ಮ ತಂದೆಯವರು ಕೈಕಾಲು ತೊಳೆಯಲು ಏಳುತ್ತಿದ್ದರು. ಏಪ್ರಿಲ್ ಆಗಲಿ, ಡಿಸೆಂಬರ್ ಆಗಲಿ, ಈ ನಿಯಮಕ್ಕೆ ರಜವಿರಲಿಲ್ಲ. ಹಣೆಯ ಬೆವರು ಇಳಿದು ಮೂಗಿನ ತುದಿಗೆ ಬಂದು ನಿಂತರೆ ಸಾರು ಹದವಾಗಿದೆಯೆಂದು ಲೆಕ್ಕ. ತಂದೆಯವರ ಆಸ್ತಿ ನನಗೆ ಹೆಚ್ಚೇನೂ ಬರಲಿಲ್ಲ. ಈ ನಾಲಗೆ ಮಾತ್ರ ಪೂರ್ತಿಯಾಗಿ ಬಂತು.

ಇಂಥ ನಾಲಗೆಯನ್ನು ಹೊತ್ತುಕೊಂಡು 1978ರಲ್ಲಿ ನಾನು ಬ್ಯಾಂಕಿನ ಗುಮಾಸ್ತೆಯಾಗಿ ಶಿರಸಿಗೆ ವರ್ಗವಾಗಿ ಹೋದೆ. 1980ರಲ್ಲಿ ಆ ಸೀಮೆಯ ಹುಡುಗಿಯನ್ನೇ ಮದುವೆಯಾದೆ. ಯಾರು ಒಪ್ಪಿದರು, ಯಾರು ಮುನಿದರು, ಮುನಿದವರು ಯಾವಾಗ ನಕ್ಕರು ಎಂಬುದೆಲ್ಲ ಬೇರೆಯೇ ಒಂದು ಕತೆ. ಇಲ್ಲಿಗೆ ಬೇಕಾದದ್ದು ಮದುವೆಯಾದ ಮೇಲೆ ಮೇ ತಿಂಗಳಲ್ಲಿ ಅತ್ತೆಯ ಮನೆಯಲ್ಲಿ ನಾನು ಕೂತ ಮೊದಲ ಊಟ.

ಅಡಿಕೆ ತೋಟದ ತಲೆಯ ಮೇಲಿನ ಮನೆ. ಜಗಲಿಯ ಮೇಲೆ ಬಾಳೆಯೆಲೆ ಹಾಕಿದ್ದರು. ಅನ್ನ ಬಂತು. ಅದರ ಹಿಂದೆಯೇ ಅತ್ತೆಯವರು ಎಳೆಹಸಿರು ಬಣ್ಣದ, ನೀರಿಗಿಂತ ಸ್ವಲ್ಪ ಮಂದವಾದ ಏನನ್ನೋ ಸೌಟಿನಲ್ಲಿ ತಂದು ಅನ್ನದ ಮೇಲೆ ಬಿಟ್ಟರು. ಮುಟ್ಟಿ ನೋಡಿದೆ, ತಣ್ಣಗಿತ್ತು. ಬಾಯಿಗಿಟ್ಟೆ, ಮಜ್ಜಿಗೆ! ನಮ್ಮ ಕಡೆ ಅನ್ನಕ್ಕೆ ಮಜ್ಜಿಗೆ ಬಂತೆಂದರೆ ಊಟ ಮುಗಿಯಿತೆಂದು ಅರ್ಥ. ಹೊಸ ಅಳಿಯನಿಗೆ ಕೋಸಂಬರಿ ಮತ್ತು ಮಜ್ಜಿಗೆಯನ್ನದಲ್ಲಿ ಮುಗಿಸಿಬಿಟ್ಟರಲ್ಲ, ಮದುವೆಗೆ ಮುನಿದವರ ಪಟ್ಟಿಯಲ್ಲಿ ಇವರೂ ಇದ್ದರೇನೋ ಎಂದು ಒಳಗೊಳಗೇ ಕುದಿದೆ. ಆದರೂ ಮಾನ ಬಿಡಬಾರದೆಂದು ಅಷ್ಟನ್ನೂ ಉಂಡು, ಎಲೆ ಮಡಿಸಿ, ಎದ್ದು ಕೈ ತೊಳೆದೆ. ಒಳಗೆ ಸಾರು, ಹುಳಿ, ಪಲ್ಯ, ಪಾಯಸ ಎಲ್ಲವೂ ಸಾಲಾಗಿ ಕಾದಿದ್ದವು. ಅತ್ತೆಯವರು ಸಾರಿನ ಪಾತ್ರೆ ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟರು. "ಅಳಿಯಂದಿರಿಗೆ ಏನು ಬೇಜಾರಾಯ್ತು?" ಎಂದು ಮಾವನವರು ಕೇಳಿದರು. ಎದ್ದ ಎಲೆಗೆ ಮತ್ತೆ ಕೂರುವುದುಂಟೆ? ಹೊಟ್ಟೆ ಸರಿಯಿಲ್ಲವೆಂದು ಸುಳ್ಳು ಹೇಳಿದೆ. ಹೊಟ್ಟೆ ಸರಿಯಿಲ್ಲದವರಿಗೆ ಒಳ್ಳೆಯದೆಂದು ಸಂಜೆಗೆ ಮತ್ತೊಂದು ತಂಬುಳಿಯಾಯಿತು! ನಡುವೆ, ಹಿತ್ತಿಲ ಕಡೆಯಿಂದ ಒಂದು ಬಟ್ಟಲು ಪಾಯಸವನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದುಕೊಟ್ಟವಳು ನನ್ನಾಕೆ. ನಗು ತಡೆಯಲಾರದೆ ಬಟ್ಟಲು ಅಲುಗಾಡುತ್ತಿತ್ತು.

ಆ ದಿನದ ಸಿಟ್ಟನ್ನು ನಾನು ತಂಬುಳಿಯ ಮೇಲೆ ಬಹಳ ಕಾಲ ತೀರಿಸಿಕೊಂಡೆ. ಬೆಂಗಳೂರಿನಲ್ಲಿ ಮನೆ ಮಾಡಿದ ಮೇಲೆ ಆಕೆ ತವರಿನಿಂದ ಒಂದೊಂದೇ ಗಿಡ ತಂದು ಕುಂಡಗಳಲ್ಲಿ ನೆಟ್ಟಳು. ಒಂದೆಲಗ, ದೊಡ್ಡಪತ್ರೆ, ಒಂದು ಚಕ್ರಮುನಿ. ಅವರ ಕಡೆ ಯಾವುದರಿಂದ ತಂಬುಳಿ ಮಾಡುತ್ತಾರೆಂದು ಕೇಳುವುದಕ್ಕಿಂತ ಯಾವುದರಿಂದ ಮಾಡುವುದಿಲ್ಲವೆಂದು ಕೇಳುವುದು ಸುಲಭ. ಸೀಬೆಯ ಕುಡಿ, ದಾಳಿಂಬೆಯ ಸಿಪ್ಪೆ, ನೆಲ್ಲಿಕಾಯಿ, ಮೆಂತ್ಯ, ಶುಂಠಿ, ಬಿಲ್ವಪತ್ರೆಯ ಚಿಗುರು, ಏನೂ ಇಲ್ಲದ ದಿನ ಬರಿಯ ಜೀರಿಗೆ. "ಅಂಗಳಕ್ಕೆ ಇಳಿದರೆ ಒಂದು ಹೊತ್ತಿನ ತಂಬುಳಿ ಸಿಗುತ್ತೆ" ಎನ್ನುತ್ತಿದ್ದಳು. "ಅಂಗಳದಲ್ಲಿ ನನ್ನ ಸೈಕಲ್ ಇದೆ, ಅದನ್ನೊಂದು ಬಿಟ್ಟುಬಿಡು" ಎನ್ನುತ್ತಿದ್ದೆ ನಾನು. ತಂಬುಳಿಗೆ ನಾನು ಇಟ್ಟ ಹೆಸರು ಹಸಿರು ಮಜ್ಜಿಗೆ. ಈ ಹಾಸ್ಯವನ್ನು ನಲವತ್ತು ವರ್ಷ ನಡೆಸಿದೆ. ಒಂದೇ ಹಾಸ್ಯವನ್ನು ಅಷ್ಟು ಕಾಲ ಕೇಳಿಸಿಕೊಂಡವಳ ತಾಳ್ಮೆಯನ್ನು ಓದುಗರೇ ಊಹಿಸಿಕೊಳ್ಳಬೇಕು.

ಹೀಗಾಗಿ ನಮ್ಮ ಮನೆಯಲ್ಲಿ ಒಂದು ಏರ್ಪಾಡು ತಾನಾಗಿಯೇ ಬೆಳೆಯಿತು. ನನಗೆ ಕುದಿಯುವ ಸಾರು ಅಥವಾ ಹುಳಿ. ಆಕೆ ಅದನ್ನು ಮಾಡಿ, ಬಡಿಸಿ, ನಾನು ಎದ್ದ ಮೇಲೆ, ಒಂದು ಸಣ್ಣ ಬಟ್ಟಲಿನಲ್ಲಿ ತನಗೆ ಮಾತ್ರ ಮಾಡಿಕೊಂಡ ತಂಬುಳಿಯೊಡನೆ ಉಣ್ಣುತ್ತಿದ್ದಳು. ಇಬ್ಬರಿಗೂ ಬೇಕಾದದ್ದು ಸಿಗುತ್ತಿದೆಯಲ್ಲ ಎಂದು ನಾನು ತಿಳಿದಿದ್ದೆ. ಮಗಳು ಬೆಳೆದಳು, ಮದುವೆಯಾಗಿ ಪುಣೆಗೆ ಹೋದಳು, ನಾನು ನಿವೃತ್ತನಾದೆ. ಏರ್ಪಾಡು ಹಾಗೆಯೇ ಇತ್ತು.

2024ರ ಬೇಸಿಗೆಯನ್ನು ಬೆಂಗಳೂರಿನವರು ಮರೆತಿರಲಾರರು. ಕೊಳವೆಬಾವಿಗಳು ಬತ್ತಿ, ಬೀದಿಬೀದಿಯಲ್ಲೂ ನೀರಿನ ಟ್ಯಾಂಕರಿಗೆ ಕಾಯುವ ಕಾಲ. ಏಪ್ರಿಲ್ ಕೊನೆಗೆ ಬಿಸಿಲು 38 ಡಿಗ್ರಿ ದಾಟಿತು. ಫ್ಯಾನಿಲ್ಲದೆ ಬದುಕಿದ ಊರು ಇದೇನಾ ಎಂದು ಹಳಬರೆಲ್ಲ ಮುಖ ಮುಖ ನೋಡಿಕೊಂಡರು. ನಮ್ಮ ಮನೆಗೆ ಆ ಬೇಸಿಗೆ ಇನ್ನೊಂದು ಕಾರಣಕ್ಕೆ ದೊಡ್ಡದು. ಮಾರ್ಚಿಯಲ್ಲಿ ನನ್ನಾಕೆಗೆ ಕ್ಯಾನ್ಸರ್ ಎಂದು ಗೊತ್ತಾಗಿ, ಮೂರು ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಿ ರಕ್ತನಾಳಕ್ಕೆ ಔಷಧ ಹಾಕಿಸಿಕೊಂಡು ಬರುವ ಚಿಕಿತ್ಸೆ ಶುರುವಾಯಿತು.

ಎರಡನೆಯ ಸಲದ ಔಷಧವಾದ ಮೇಲೆ ಆಕೆಯ ಬಾಯಿಯೊಳಗೆಲ್ಲ ಹುಣ್ಣಾಯಿತು. ಈ ಔಷಧದಿಂದ ಹಲವರಿಗೆ ಹಾಗಾಗುತ್ತದೆಂದು ವೈದ್ಯರು ಮೊದಲೇ ಹೇಳಿದ್ದರು. ಬಿಸಿ ತಾಗಬಾರದು, ಖಾರ ತಾಗಬಾರದು, ಹುಳಿ ತಾಗಬಾರದು. ಒಗ್ಗರಣೆಯ ಹೊಗೆ ಮೂಗಿಗೆ ಬಂದರೆ ಹೊಟ್ಟೆ ತೊಳಸುತ್ತಿತ್ತು. ಬೀದಿಯ ಕೊನೆಯ ಮೆಸ್ಸಿನಿಂದ ನಾನು ತರುತ್ತಿದ್ದ ಸಾರಿನ ಡಬ್ಬಿಯನ್ನು ಹೊರಗಿನ ಮೆಟ್ಟಿಲ ಮೇಲೆ ಕೂತು, ಅಲ್ಲಿಯೇ ಉಂಡು, ಕೈ ಬಾಯಿ ತೊಳೆದು ಒಳಗೆ ಬರುತ್ತಿದ್ದೆ. ಆಕೆಗೆ ಗಂಜಿ ಮಾಡಿ ಆರಿಸಿ ಕೊಟ್ಟೆ. ನಾಲ್ಕು ದಿನ ಕುಡಿದಳು. ಐದನೆಯ ದಿನ ಲೋಟವನ್ನು ನೋಡಿ ಮುಖ ತಿರುಗಿಸಿದಳು. ವಾರದಲ್ಲಿ ಎರಡು ಕೆ.ಜಿ. ತೂಕ ಇಳಿಯಿತು. ಮುಂದಿನ ಔಷಧ ಹಾಕಬೇಕಾದರೆ ತೂಕ ಹೀಗೆ ಇಳಿಯಬಾರದು, ಹೇಗಾದರೂ ಮಾಡಿ ತಿನ್ನಿಸಿ ಎಂದು ವೈದ್ಯರು ಹೇಳಿದರು. ಅವರು ಹೇಳಿದ್ದು ಒಂದು ಮಾತು. ಆ ಮಾತನ್ನು ಹೊತ್ತುಕೊಂಡು ಮನೆಗೆ ಬಂದು ಅಡಿಗೆಮನೆಯ ನಡುವೆ ನಿಂತಾಗ, ಜೀರಿಗೆಯ ಡಬ್ಬಿ ಯಾವುದೆಂದೂ ನನಗೆ ತಿಳಿದಿಲ್ಲವೆಂಬುದು ತಿಳಿಯಿತು.

ಮಗಳು ಮೊದಲ ಎರಡು ವಾರ ಬಂದಿದ್ದು ಹೋಗಿದ್ದಳು. ಅವಳಿಗೂ ಮಕ್ಕಳ ಪರೀಕ್ಷೆ. ಫೋನಿನಲ್ಲಿ ಹೇಳಿದಳು: "ಅಪ್ಪ, ಬಿಸಿ ಆಗಲ್ಲ ಅಂದರೆ ತಣ್ಣನೆಯ ಸೂಪು ಮಾಡಿ. ಆಫೀಸಿನ ಕೆಲಸಕ್ಕೆ ಸ್ಪೇನಿಗೆ ಹೋಗಿದ್ದಾಗ ತಿಂದಿದ್ದೆ. ಬೇಯಿಸೋದೇ ಬೇಡ, ಎಲ್ಲ ಮಿಕ್ಸಿಗೆ ಹಾಕಿ ತಿರುಗಿಸಿ." ಬೇಯಿಸುವುದೇ ಬೇಡ ಎಂಬ ಮಾತು ನನ್ನಂಥವನಿಗೆ ವರದಂತೆ ಕೇಳಿಸಿತು.

ಅದರ ಹೆಸರು ಗಾಸ್ಪಾಚೊ. ಸ್ಪೇನಿನ ದಕ್ಷಿಣದಲ್ಲಿ ಆಂಡಲೂಸಿಯಾ ಎಂಬ ಪ್ರಾಂತವಿದೆ. ಬೇಸಿಗೆಯಲ್ಲಿ ಅಲ್ಲಿನ ಬಿಸಿಲು ನಮ್ಮ ರಾಯಚೂರಿನವರೂ ಗೌರವಿಸಬೇಕಾದಂಥದು. ಹೊಲದಲ್ಲಿ ದುಡಿಯುವವರು ಒಣಗಿದ ಬ್ರೆಡ್ಡು, ಬೆಳ್ಳುಳ್ಳಿ, ಉಪ್ಪು, ಆಲಿವ್ ಎಣ್ಣೆ, ವಿನಿಗರ್ ಇವನ್ನು ಕುಟ್ಟಿ ನೀರಿನಲ್ಲಿ ಕದಡಿ ಕುಡಿಯುತ್ತಿದ್ದರಂತೆ. ಕೊಲಂಬಸನ ಕಾಲದ ನಂತರ ಅಮೆರಿಕದಿಂದ ಟೊಮ್ಯಾಟೊ, ದಪ್ಪ ಮೆಣಸಿನಕಾಯಿ ಬಂದು, ಕಾಲಕ್ರಮದಲ್ಲಿ ಅವೂ ಸೇರಿಕೊಂಡು ಅದು ಕೆಂಪಾಯಿತು. ಟೊಮ್ಯಾಟೊ ಇಲ್ಲದ ಬಿಳಿಯ ಬಗೆಯೊಂದು ಅಲ್ಲಿ ಇಂದಿಗೂ ಇದೆ. ಅದಕ್ಕೆ ಬಾದಾಮಿ ಅರೆದು ಹಾಕುತ್ತಾರೆ, ನಾವು ತೆಂಗಿನಕಾಯಿ ಹಾಕುವ ಹಾಗೆ. ಬಲ್ಗೇರಿಯದವರು ಇನ್ನೂ ನಮಗೆ ಹತ್ತಿರ: ಮೊಸರಿಗೆ ಸೌತೆಕಾಯಿ, ಬೆಳ್ಳುಳ್ಳಿ, ಅಕ್ರೋಟು ಸೇರಿಸಿ ತಣ್ಣಗೆ ಉಣ್ಣುತ್ತಾರೆ. ಬಿಸಿಲಿರುವ ಕಡೆಯಲ್ಲೆಲ್ಲ ಯಾರೋ ಒಬ್ಬರು ಒಲೆಯ ಮುಂದೆ ನಿಲ್ಲಲಾರೆನೆಂದು ಹಟಹಿಡಿದು ಇಂಥದೊಂದನ್ನು ಕಂಡುಹಿಡಿದಿದ್ದಾರೆ. ಇದನ್ನೆಲ್ಲ ಮಗಳಿಂದಲೂ ಪುಸ್ತಕಗಳಿಂದಲೂ ನಾನು ತಿಳಿದದ್ದು ಆಮೇಲೆ. ಆ ದಿನ ಮಾತ್ರ ನಾಲ್ಕು ಟೊಮ್ಯಾಟೊ, ಒಂದು ಸೌತೆಕಾಯಿ, ಒಂದು ತುಂಡು ಬ್ರೆಡ್ಡು, ಉಪ್ಪು, ಚೂರು ವಿನಿಗರ್, ಆಲಿವ್ ಎಣ್ಣೆಯ ಬದಲು ಮನೆಯಲ್ಲಿದ್ದ ಕಡಲೆಕಾಯಿ ಎಣ್ಣೆ, ಇಷ್ಟನ್ನು ಮಿಕ್ಸಿಗೆ ಹಾಕಿ ತಿರುಗಿಸಿ, ಬಟ್ಟಲಿಗೆ ಹಾಕಿ, ಗೆದ್ದವನಂತೆ ತೆಗೆದುಕೊಂಡು ಹೋದೆ.

ಆಕೆ ಒಂದು ಚಮಚ ಬಾಯಿಗೆ ಹಾಕಿಕೊಂಡಳು. ಕಣ್ಣಿನಲ್ಲಿ ನೀರು ಬಂತು. ಟೊಮ್ಯಾಟೊ ಹುಳಿ, ವಿನಿಗರ್ ಅದಕ್ಕಿಂತ ಹುಳಿ. ಹಸಿ ಗಾಯದ ಮೇಲೆ ಹುಳಿ ಬಿದ್ದರೆ ಏನಾಗುತ್ತದೆಂದು ಎಪ್ಪತ್ತೆರಡು ವರ್ಷದವನಿಗೆ ಹೊಳೆಯಬೇಕಿತ್ತು. ಅದೂ ಅಲ್ಲದೆ ಅಂಥ ಚಿಕಿತ್ಸೆಯಲ್ಲಿರುವವರಿಗೆ ಹಸಿ ತರಕಾರಿ ಕೊಡಬಾರದೆಂದು ಆಸ್ಪತ್ರೆಯ ಕಾಗದದಲ್ಲೇ ಬರೆದಿತ್ತು. ಆ ಕಾಗದವನ್ನು ನಾನು ಬ್ಯಾಂಕಿನವನ ಶಿಸ್ತಿನಿಂದ ಫೈಲಿಗೆ ಹಾಕಿಟ್ಟಿದ್ದೆ, ಓದಿರಲಿಲ್ಲ. ಬಟ್ಟಲನ್ನು ಹಿಡಿದುಕೊಂಡು ಹಾಸಿಗೆಯ ಪಕ್ಕದಲ್ಲಿ ಸುಮ್ಮನೆ ಕೂತೆ. ಆಕೆ ನೀರು ಮುಕ್ಕಳಿಸಿ, ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ ಕೇಳಿದಳು:

"ಕುಂಡದಲ್ಲಿ ದೊಡ್ಡಪತ್ರೆ ಇದೆಯೇನ್ರೀ, ಅದೂ ಒಣಗಿಹೋಯ್ತಾ?"

ಹೋಗಿ ನೋಡಿದೆ. ಎರಡು ತಿಂಗಳಿಂದ ಯಾರೂ ಆ ಕಡೆ ತಿರುಗಿಯೂ ನೋಡಿರಲಿಲ್ಲ. ಸದಾ ತೇವ ಬೇಡುವ ಒಂದೆಲಗ ಹುಲ್ಲುಕಡ್ಡಿಯಾಗಿತ್ತು. ಚಕ್ರಮುನಿಯ ಎಲೆಗಳೆಲ್ಲ ಉದುರಿದ್ದವು. ದೊಡ್ಡಪತ್ರೆ ಮಾತ್ರ ಇತ್ತು. ಅದರ ಎಲೆ ದಪ್ಪ, ಒಳಗೆ ನೀರು ಕೂಡಿಟ್ಟುಕೊಳ್ಳುವ ಜಾತಿ. ಸೊರಗಿ, ಅಂಚು ಹಳದಿಯಾಗಿ, ಆದರೂ ಹಸಿರು ಉಳಿಸಿಕೊಂಡಿತ್ತು. ಒಂದು ಎಲೆ ಕಿತ್ತು ಹೊಸಕಿದೆ. ಓಮದ ವಾಸನೆ ಬೆರಳಿಗೆಲ್ಲ ಹತ್ತಿತು. ಆ ವಾಸನೆ ನಮ್ಮ ಅಡಿಗೆಮನೆಯದೆಂದು ನನಗೆ ಗೊತ್ತಿತ್ತು. ಅದು ಈ ಗಿಡದ್ದೆಂದು ಗೊತ್ತಿರಲಿಲ್ಲ. ಟ್ಯಾಂಕರಿನ ನೀರಿನ ದಿನಗಳವು. ಅಕ್ಕಿ ತೊಳೆದ ನೀರನ್ನು ತಂದು ಬುಡಕ್ಕೆ ಹಾಕಿದೆ.

ಈ ಸಲ ಮೊದಲು ವೈದ್ಯರನ್ನು ಕೇಳಿದೆ. ರಕ್ತಪರೀಕ್ಷೆಯ ಅಂಕಿಗಳನ್ನು ನೋಡಿ ಅವರು ಒಪ್ಪಿದರು. ಎಲೆಯನ್ನು ಚೆನ್ನಾಗಿ ತೊಳೆದು ಪೂರ್ತಿ ಬಾಡಿಸಬೇಕು. ನೀರು ಕುದಿಸಿ ಆರಿಸಿದ್ದಾಗಬೇಕು. ಮೊಸರು ಆ ದಿನದ್ದೇ ಆಗಬೇಕು, ಹುಳಿಯಾಗಿರಬಾರದು. ಮಾಡಿದ್ದನ್ನು ಆಗಲೇ ಕೊಡಬೇಕು, ಉಳಿದದ್ದನ್ನು ಇಟ್ಟು ಮತ್ತೆ ಕೊಡಬಾರದು. ಮೆಣಸು, ಮೆಣಸಿನಕಾಯಿ ಬೇಡವೇ ಬೇಡ.

ಮೊದಲ ದಿನ ಅರೆದ ಸೊಪ್ಪನ್ನೂ ಕೆನೆಮೊಸರನ್ನೂ ಒಟ್ಟಿಗೆ ಮಿಕ್ಸಿಗೆ ಹಾಕಿ ಚೆನ್ನಾಗಿ ತಿರುಗಿಸಿದೆ. ಮುಚ್ಚಳ ತೆಗೆದರೆ ಮೇಲೆ ಹಸಿರು ಬೆಣ್ಣೆ ತೇಲುತ್ತಿತ್ತು. ಮೊಸರನ್ನು ಜೋರಾಗಿ ಕಡೆದರೆ ಬೆಣ್ಣೆ ಬರುತ್ತದೆಂಬುದು ಗೋಕುಲದ ಮಕ್ಕಳಿಗೂ ತಿಳಿದ ವಿಷಯ. ನಿವೃತ್ತ ಗುಮಾಸ್ತೆಗೆ ಹೊಸದು. ಎರಡನೆಯ ದಿನ ಅವಸರದಲ್ಲಿ, ಬಾಣಲೆಯಿಂದ ಇಳಿಸಿದ್ದನ್ನು ಆರಲು ಬಿಡದೆ ಅರೆದು ಮಜ್ಜಿಗೆಗೆ ಸುರಿದೆ. ಬಿಸಿ ತಾಗಿದ ಮಜ್ಜಿಗೆ ಒಡೆದು, ನೀರು ಬೇರೆ, ಗಸಿ ಬೇರೆಯಾಗಿ ನಿಂತಿತು. ತಂಬುಳಿಯನ್ನು ಯಾಕೆ ಕುದಿಸುವುದಿಲ್ಲವೆಂದು ಆಗ ಅರ್ಥವಾಯಿತು. ಅದು ಸಂಪ್ರದಾಯವಲ್ಲ, ಮಜ್ಜಿಗೆಯ ಸ್ವಭಾವ. ಹಿಟ್ಟಿನ ಆಸರೆ ಕೊಟ್ಟು, ಕದಡುತ್ತ ಸಣ್ಣ ಉರಿಯಲ್ಲಿಟ್ಟರೆ ಅದು ಮಜ್ಜಿಗೆಹುಳಿಯಾಗಲು ಒಪ್ಪುತ್ತದೆ. ಆಸರೆಯಿಲ್ಲದೆ ಬಿಸಿಗೆ ತಳ್ಳಿದರೆ ಒಡೆಯುತ್ತದೆ.

ಮೂರನೆಯ ದಿನದ್ದು ಸರಿಯಾಗಿಯೇ ಬಂತು. ಆದರೆ ತಣ್ಣಗಿರಬೇಕಲ್ಲವೆ ಎಂದು ಫ್ರಿಜ್ಜಿನಲ್ಲಿಟ್ಟೆ. ಒಂದು ಗಂಟೆಯ ಮೇಲೆ ತೆಗೆದರೆ ಮೇಲೆಲ್ಲ ಬಿಳಿಯ ಹರಳು. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೋದರೆ ಹೆಪ್ಪುಗಟ್ಟುತ್ತದೆ. ಅರೆದ ಕಾಯಿಯೊಳಗಿನ ಎಣ್ಣೆಗೂ ಅದೇ ನ್ಯಾಯ, ತುಪ್ಪಕ್ಕೂ ಅಷ್ಟೆ. ಆಕೆ ನಾಲಗೆಯ ತುದಿಗೆ ಮುಟ್ಟಿಸಿ, "ಇದು ತಂಪಲ್ಲ, ಶೀತ" ಎಂದಳು. ತಂಪಿಗೂ ಶೀತಕ್ಕೂ ಇರುವ ವ್ಯತ್ಯಾಸವನ್ನು ಯಾವ ನಿಘಂಟಿನಲ್ಲೂ ನಾನು ಅಷ್ಟು ಸ್ಪಷ್ಟವಾಗಿ ಓದಿರಲಿಲ್ಲ.

"ನಮ್ಮ ಆಯಿ ಯಾವ ಫ್ರಿಜ್ಜಿನಲ್ಲಿ ಇಡ್ತಿದ್ದಳು ಮಾರಾಯ್ರೆ? ಗಡಿಗೆ ನೀರು ಹಾಕಿ ಮಾಡಿ ಸಾಕು."

ಮಾರುಕಟ್ಟೆಯಿಂದ ಮಣ್ಣಿನ ಗಡಿಗೆ ತಂದೆ. ಕುದಿಸಿದ ನೀರನ್ನು ರಾತ್ರಿಯೇ ಅದರಲ್ಲಿ ತುಂಬಿ ಮುಚ್ಚಿಟ್ಟೆ. ಮಡಕೆಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ತೆಗೆದುಕೊಂಡು ಹೋಗುತ್ತದೆ. ಗಾಳಿ ಎಷ್ಟು ಒಣಗಿದ್ದರೆ ಅಷ್ಟು ತಂಪು. ಕರಾವಳಿಯ ತೇವದ ಗಾಳಿಯಲ್ಲಿ ಇದು ಅಷ್ಟಾಗಿ ನಡೆಯುವುದಿಲ್ಲ. ಬೆಂಗಳೂರಿನ ಏಪ್ರಿಲ್ ತಿಂಗಳಿಗೆ ಹೇಳಿ ಮಾಡಿಸಿದ್ದು. ನಮ್ಮನ್ನು ಸುಡುತ್ತಿದ್ದ ಆ ಒಣಗಾಳಿಯೇ ಗಡಿಗೆಯನ್ನು ತಂಪು ಮಾಡಿತು.

ನಾಲ್ಕನೆಯ ದಿನ. ದೊಡ್ಡಪತ್ರೆಗೂ ತನ್ನದೊಂದು ಖಾರವಿದೆಯೆಂದು ನಾಲ್ಕೇ ಎಲೆ ತೆಗೆದುಕೊಂಡೆ. ಒಂದು ಚಮಚ ತುಪ್ಪದಲ್ಲಿ ಕಾಲು ಚಮಚ ಜೀರಿಗೆ ಹಾಕಿ, ಅದು ಸಿಡಿಯುವ ಮೊದಲೇ ಎಲೆ ಹಾಕಿ ಬಾಡಿಸಿದೆ. ಎಲೆ ತನ್ನ ನೀರು ಬಿಟ್ಟು, ಕುಗ್ಗಿ, ಎಳೆಹಸಿರು ಹೋಗಿ ಕಂದುಹಸಿರಿಗೆ ತಿರುಗಿತು. ಪೂರ್ತಿ ಆರಿಸಿದೆ. ಎರಡು ಚಮಚ ಕಾಯಿತುರಿಯನ್ನೂ ಅದೇ ಬಾಣಲೆಯ ಬಿಸಿಯಲ್ಲಿ ಒಮ್ಮೆ ಹೊರಳಿಸಿ, ಗಡಿಗೆಯ ನೀರು ಹಾಕಿ ನುಣ್ಣಗೆ ಅರೆದು, ತರಿ ಗಾಯಕ್ಕೆ ತಾಗಬಾರದೆಂದು ತೆಳುಬಟ್ಟೆಯಲ್ಲಿ ಸೋಸಿದೆ. ಒಂದು ಬಟ್ಟಲು ಸಿಹಿಮೊಸರನ್ನು ಕೈಯಿಂದಲೇ ಮೆಲ್ಲಗೆ ಕಡೆದು ಸೇರಿಸಿದೆ. ಒಂದು ಚಿಟಿಕೆ ಉಪ್ಪು. ಒಗ್ಗರಣೆಯಿಲ್ಲ, ಮೆಣಸಿಲ್ಲ, ಹುಳಿಯಿಲ್ಲ. ಪುಳಿಯಿಲ್ಲದ ತಂಬುಳಿಯಲ್ಲಿ ಉಳಿಯುವುದು ತಣ್ಣಗೆ ಮಾತ್ರ. ಹೆಸರಿನ ಅರ್ಧವೇ ಇಲ್ಲದ ಆ ಪದಾರ್ಥವನ್ನು ಲೋಟಕ್ಕೆ ಬಗ್ಗಿಸಿ ಆಕೆಯ ಕೈಗೆ ಕೊಟ್ಟೆ.

ಒಂದು ಗುಟುಕು ಕುಡಿದಳು. ಕಾದೆ. ಎರಡನೆಯದು ಕುಡಿದಳು. ಲೋಟ ಅರ್ಧವಾದ ಮೇಲೆ ಕೆಳಗಿಟ್ಟು, "ಜೀರಿಗೆ ಹೊತ್ತಿಲ್ಲ, ಪರವಾಗಿಲ್ಲ" ಎಂದಳು. ಅಡಿಗೆಯವರಿಗೆ ಇಂಥ ಮಾತಿನಿಂದ ಎಷ್ಟು ಸಂತೋಷವಾಗುತ್ತದೆಂದು ನನಗೆ ಆ ದಿನ ಗೊತ್ತಾಯಿತು. ನನ್ನ ಬಾಯಿಂದ ಅಂಥ ಮಾತು ಎಷ್ಟು ಸಲ ಬಂದಿತ್ತೆಂದು ಎಣಿಸಹೊರಟವನು, ಎಣಿಸುವುದನ್ನು ನಿಲ್ಲಿಸಿದೆ.

ಬಟ್ಟಲಿನಲ್ಲಿ ಸ್ವಲ್ಪ ಉಳಿದಿತ್ತು. ಇಟ್ಟು ಮತ್ತೆ ಕೊಡುವಂತಿಲ್ಲ. ಚೆಲ್ಲಲು ಮನಸ್ಸು ಬರಲಿಲ್ಲ. ಅನ್ನಕ್ಕೆ ಹಾಕಿಕೊಂಡು ಅಲ್ಲಿಯೇ ಆಕೆಯ ಪಕ್ಕದಲ್ಲಿ ಕೂತು ಉಂಡೆ. ಹೊರಗೆ ಮಧ್ಯಾಹ್ನದ ಬಿಸಿಲು. ಗಂಟಲಿನಿಂದ ಎದೆಯವರೆಗೆ ತಂಪು ಇಳಿಯಿತು. ಹಣೆಯ ಮೇಲೆ ಬೆವರಿಲ್ಲದೆ ಊಟ ಮುಗಿಯಬಹುದೆಂಬುದು ನನಗೆ ಹೊಸ ಸಂಗತಿ.

"ಚೆನ್ನಾಗಿದೆಯಲ್ಲೇ" ಎಂದೆ.

"ಹಸಿರು ಮಜ್ಜಿಗೆ" ಎಂದಳು.

"ಒಂದು ದಿನವಾದರೂ ಬಲವಂತ ಮಾಡಿ ಹಾಕಬಾರದಿತ್ತೆ?"

"ಮೊದಲ ವರ್ಷ ಹಾಕಿದ್ದೆ. ತಟ್ಟೆಯ ಪಕ್ಕಕ್ಕೆ ಸರಿಸಿ ಸಾರು ಎಲ್ಲಿ ಅಂದ್ರಿ. ಆಮೇಲೆ ಯಾರು ಹಾಕ್ತಾರೆ?"

ಆಕೆಯ ಮಾತಿನಲ್ಲಿ ದೂರಿರಲಿಲ್ಲ. ಹಳೆಯ ಲೆಕ್ಕವನ್ನು ಓದಿ ಹೇಳಿದಂತೆ ಇತ್ತು. ಆದರೆ ಲೆಕ್ಕ ಬರೆದು ಬದುಕಿದವನಿಗೆ ಲೆಕ್ಕದಿಂದ ತಪ್ಪಿಸಿಕೊಳ್ಳುವುದು ಕಷ್ಟ. ಮದುವೆಯಾಗಿ ನಲವತ್ತನಾಲ್ಕು ವರ್ಷ. ವರ್ಷಕ್ಕೆ ತೊಂಬತ್ತು ದಿನ ಬೇಸಿಗೆಯೆಂದು ಹಿಡಿದರೂ 3960 ದಿನ. ತನಗೆ ಐದು ನಿಮಿಷದ ತಂಬುಳಿ ಸಾಕಾಗಿದ್ದವಳು ಅಷ್ಟು ದಿನವೂ ಕುದಿಯುವ ಪಾತ್ರೆಯ ಮುಂದೆ ನಿಂತದ್ದು ನನ್ನ ನಾಲಗೆಗಾಗಿ. ನಾನು ಎದ್ದ ಮೇಲೆ ಒಬ್ಬಳೇ ಕೂತು ಉಂಡದ್ದು, ಆ ಶಾಖವನ್ನು ಇಳಿಸಿಕೊಳ್ಳುವುದಕ್ಕಾಗಿ. ಇಬ್ಬರಿಗೂ ಬೇಕಾದದ್ದು ಸಿಗುತ್ತಿದೆಯೆಂದು ನಾನು ತಿಳಿದಿದ್ದ ಏರ್ಪಾಡಿನ ಖರ್ಚಿನ ಕಡೆಯ ಪುಟವನ್ನು ನಾನು ತೆರೆದೇ ಇರಲಿಲ್ಲ. ಇದನ್ನು ಆಕೆಗೆ ಹೇಳಬೇಕೆಂದುಕೊಂಡೆ. ಮಾತು ಸರಿಯಾಗಿ ಹೊಂದಲಿಲ್ಲ. ಲೋಟ ತೆಗೆದುಕೊಂಡು ಹೋಗಿ ತೊಳೆದಿಟ್ಟೆ.

ಅಂದಿನಿಂದ ದಿನಕ್ಕೆ ಎರಡು ಹೊತ್ತು ಅದೇ ಕೆಲಸ. ಹುಣ್ಣಿನ ದಿನಗಳಲ್ಲಿ ಬೆಳಿಗ್ಗೆ ಒಂದು ಲೋಟ, ಮಧ್ಯಾಹ್ನ ಮೆತ್ತಗೆ ಬೆಂದ ಅನ್ನಕ್ಕೆ ಕಲಸಿ ನಾಲ್ಕು ತುತ್ತು. ತೂಕ ಏರಲಿಲ್ಲ, ಆದರೆ ಇಳಿಯುವುದು ನಿಂತಿತು. ಮುಂದಿನ ಔಷಧ ಹೇಳಿದ ದಿನಕ್ಕೇ ಆಯಿತು. ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ತಂಬುಳಿಯಿಂದ ಕಾಯಿಲೆ ಹೋಯಿತೆಂದು ಯಾರೂ ತಿಳಿಯಬಾರದು. ನಮ್ಮಲ್ಲಿ ಎಲೆ ಬೇರುಗಳಿಗೆ ಮಹಿಮೆ ಹೊರಿಸುವವರಿಗೆ ಕೊರತೆಯಿಲ್ಲ. ನನ್ನ ಬಳಿಗೂ ನಾಲ್ಕು ಜನ ನಾಲ್ಕು ಎಲೆ ಹಿಡಿದುಕೊಂಡು ಬಂದಿದ್ದರು. ಕಾಯಿಲೆಯೊಡನೆ ಹೋರಾಡಿದ್ದು ವೈದ್ಯರ ಔಷಧ. ತಂಬುಳಿ ಮಾಡಿದ್ದು ಇಷ್ಟೇ: ಬೇರೇನೂ ಇಳಿಯದ ಗಂಟಲಿನಲ್ಲಿ ಅದು ಇಳಿಯಿತು.

ಜುಲೈನಲ್ಲಿ ಚಿಕಿತ್ಸೆ ಮುಗಿಯಿತು. ಆಗಸ್ಟಿನಲ್ಲಿ ಒಂದು ದಿನ ಆಕೆ ಹಾಸಿಗೆಯಿಂದಲೇ ಕೂಗಿ ಹೇಳಿದಳು: "ಇವತ್ತು ಒಂದು ಕಾಳು ಮೆಣಸು ಹಾಕಿ ನೋಡಿ." ಒಂದೇ ಒಂದು ಕಾಳನ್ನು ತುಪ್ಪದಲ್ಲಿ ಹುರಿದು ಹಾಕಿದೆ. ಕುಡಿದು, ಸ್ವಲ್ಪ ಹೊತ್ತು ಸುಮ್ಮನಿದ್ದು, ತಲೆಯಾಡಿಸಿದಳು. ಆಮೇಲೆ ನಮ್ಮ ಮನೆಯಲ್ಲಿ ಆರೋಗ್ಯವನ್ನು ಅಳೆದದ್ದು ಮೆಣಸಿನಕಾಳಿನಿಂದ. ದಸರಾ ಹೊತ್ತಿಗೆ ಎರಡು. ಸಂಕ್ರಾಂತಿಗೆ ಮೂರು. ನಡುವೆ ಒಮ್ಮೆ ಜ್ವರ ಬಂದು ಮತ್ತೆ ಒಂದಕ್ಕೆ ಇಳಿದದ್ದೂ ಉಂಟು. ಆ ವಾರ ಮೆಣಸಿನ ಡಬ್ಬಿಯನ್ನು ಮುಟ್ಟಲೇ ನನಗೆ ಕೈ ಬರುತ್ತಿರಲಿಲ್ಲ. ಮೂರು ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡು ಬರುವುದು ಈಗಲೂ ಇದೆ. ಮುಂದಿನದನ್ನು ಯಾರೂ ಬರೆದುಕೊಟ್ಟಿಲ್ಲ.

ಮರುವರ್ಷದ ಬೇಸಿಗೆಯಲ್ಲಿ, ಯುಗಾದಿ ಕಳೆದ ಮೇಲೆ, ಆಕೆಯೇ ಅಡಿಗೆಮನೆಗೆ ಬಂದು ಸ್ಟೂಲಿನ ಮೇಲೆ ಕೂತಳು. ನಾನು ಹತ್ತು ಎಲೆ, ಅರ್ಧ ಚಮಚ ಜೀರಿಗೆ, ಐದು ಕಾಳು ಮೆಣಸು, ಮೂರು ಚಮಚ ಕಾಯಿತುರಿ ತೆಗೆದುಕೊಂಡೆ. ಸಾಸಿವೆಯ ಜೊತೆಗೆ ಒಂದು ಬ್ಯಾಡಗಿ ಮೆಣಸಿನಕಾಯಿಯ ಒಗ್ಗರಣೆಯನ್ನೂ ಕೊಟ್ಟೆ. ಮೆಸ್ಸಿನ ಸಾರು ಡಬ್ಬಿಯಲ್ಲಿತ್ತು. ಈಗ ಅದು ಎರಡನೆಯ ಅನ್ನಕ್ಕೆ. ಎರಡು ತಟ್ಟೆ ಇಟ್ಟು, ಇಬ್ಬರಿಗೂ ಅನ್ನ ಬಡಿಸಿ, ಮೊದಲ ಅನ್ನಕ್ಕೆ ತಂಬುಳಿ ಬಿಟ್ಟೆ. ಆಕೆ ಕಲಸಿ ಒಂದು ತುತ್ತು ಬಾಯಿಗಿಟ್ಟುಕೊಂಡಳು.

"ಹುಳಿ ಸಾಲದು. ಎಷ್ಟು ದಿನ ಅಂತ ಸಿಹಿಮೊಸರಿನಲ್ಲೇ ಮಾಡ್ತೀರಿ? ಇವತ್ತಿನ ಮೊಸರನ್ನ ನಾಳೆಗೆ ಇಡಿ."

ಆ ರಾತ್ರಿ ಮೊಸರಿನ ಪಾತ್ರೆಯನ್ನು ಫ್ರಿಜ್ಜಿನಿಂದ ಹೊರಗೆ ತೆಗೆದು, ಕಟ್ಟೆಯ ಮೇಲೆ, ಹುಳಿಯಾಗಲೆಂದು ಇಟ್ಟು ಮಲಗಿದೆ.